ಕಣ್ಣು ಒಮ್ಮೆಲೇ ಮಂಜಾದರೆ ಶಿಬಿರಕ್ಕೆ ಕಾಯಬೇಡ್ರಿ



ನೀವೀಗ ಬಸ್ಸಿನ ಬೋರ್ಡು ಓದುತ್ತೀರಿ. ರೇಷನ್ ಅಂಗಡಿಯ ಪಾವತಿ ಓದುತ್ತೀರಿ. ಮಕ್ಕಳ ಪುಸ್ತಕವನ್ನೂ ತಿರುವಿ ನೋಡುತ್ತೀರಿ. ಇದಕ್ಕೆಲ್ಲ ಕಣ್ಣು ಬೇಕು. ಅದಕ್ಕೇ ಇವತ್ತು ಕಣ್ಣಿನ ಮಾತು.

ನಮ್ಮ ಅಕ್ಕಲಕೋಟ, ಸೊಲ್ಲಾಪುರದ ಕಡೆ ವಯಸ್ಸಾದವರಿಗೆ ಕಣ್ಣು ಮಂಜಾದರೆ ಏನಂತೀವಿ? "ಮೋತಿಬಿಂದು ಬಂದದ, ಶಿಬಿರ ಬಂದಾಗ ತೋರಿಸಿದರಾತು" ಅಂತೀವಿ. ಬೀಡಿ ಕಟ್ಟುವ ಅಕ್ಕನಿಗೆ ಮಂಜಾದರೆ "ಕಣ್ಣು ದಣದಾವ, ಮಲಗಿ ಎದ್ದರೆ ಸರಿ ಹೋಗ್ತದ" ಅಂತೀವಿ.

ಮೋತಿಬಿಂದು ಅಂದರೆ ಕಣ್ಣಿನ ಪೊರೆ. ಅದು ಸಾಮಾನ್ಯವಾಗಿ ಮೆಲ್ಲಗೆ ಬೆಳೆಯುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಶಿಬಿರದ ತನಕ ಕಾಯಬಹುದು. ಆದರೆ ನಿನ್ನೆ ಚೆನ್ನಾಗಿದ್ದ ಕಣ್ಣು ಇವತ್ತು ಒಮ್ಮೆಲೇ ಮಂಜಾದರೆ ಕಾರಣ ಬೇರೆ ಇರುತ್ತದೆ. ಆಗ ಕಾಯಬಾರದು. ಅದೇ ದಿನ ಡಾಕ್ಟರಿಗೆ ತೋರಿಸಬೇಕು. ನೋವು ಇಲ್ಲದಿದ್ದರೂ ತೋರಿಸಬೇಕು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಕರಿ ಚುಕ್ಕೆ, ಮಿಂಚು, ನೆರಳು

ನಮ್ಮ ಕಣ್ಣಿನ ಒಳಗೆ, ಹಿಂಭಾಗದಲ್ಲಿ, ಒಂದು ತೆಳುವಾದ ಪರದೆ ಇದೆ. ಡಾಕ್ಟರು ಇದಕ್ಕೆ ರೆಟಿನಾ ಅನ್ನುತ್ತಾರೆ. ನಾವು ನೋಡಿದ್ದೆಲ್ಲ ಈ ಪರದೆಯ ಮೇಲೆ ಬೀಳುತ್ತದೆ. ಪರದೆಯ ಮುಂದೆ ಗಂಜಿಯಂತಹ ತಿಳಿ ಪದಾರ್ಥ ತುಂಬಿರುತ್ತದೆ.

ವಯಸ್ಸಾದ ಹಾಗೆ ಈ ಗಂಜಿ ಕುಗ್ಗುತ್ತದೆ. ಆಗ ಕಣ್ಣ ಮುಂದೆ ಸೊಳ್ಳೆ ಹಾರಿದಂತೆ ಒಂದೆರಡು ಚುಕ್ಕೆ ಕಾಣಬಹುದು. ಬಹಳ ದಿನದಿಂದ ಅಷ್ಟೇ ಇದ್ದರೆ ಅಂಜಬೇಕಾಗಿಲ್ಲ. ಆದರೆ ಒಮ್ಮೆಲೇ ರಾಶಿ ಚುಕ್ಕೆ ಬಂದರೆ, ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದಂತಾದರೆ, ಪಕ್ಕದಿಂದ ಕರಿ ನೆರಳು ಸರಿದು ಬಂದರೆ, ಪರದೆ ಹರಿದಿರಬಹುದು. ಚಾಳೀಸು ಬರುವ ಮೊದಲೇ ದೂರದ್ದು ಕಾಣದೆ ಚಷ್ಮಾ ಹಾಕಿದವರು, ಕಣ್ಣಿಗೆ ಪೆಟ್ಟು ಬಿದ್ದವರು, ಪೊರೆಯ ಆಪರೇಷನ್ ಆದವರು ಇದರ ಬಗ್ಗೆ ಹೆಚ್ಚು ಎಚ್ಚರ ಇರಬೇಕು.

ಪರದೆ ಹರಿದರೂ ನೋವಾಗುವುದಿಲ್ಲ. ಅದಕ್ಕೇ ಜನ ಸುಮ್ಮನಿರುತ್ತಾರೆ. ಸಣ್ಣ ಹರುಕು ಇದ್ದಾಗ ಹೋದರೆ ಲೇಸರ್ ಬೆಳಕಿನಿಂದ ಸುತ್ತ ಬೆಸೆಯಬಹುದು. ತಡ ಮಾಡಿದರೆ ಪರದೆ ಗೋಡೆಯ ಸುಣ್ಣದಂತೆ ಕಳಚಿ ಬರುತ್ತದೆ. ಆಗ ದೊಡ್ಡ ಆಪರೇಷನ್ ಬೇಕು. ಎಲ್ಲರಿಗೂ ಪೂರ್ತಿ ದೃಷ್ಟಿ ತಿರುಗಿ ಬರುವುದಿಲ್ಲ.

ದೀಪ ಆರಿದಂತೆ ಕತ್ತಲೆ

ಪರದೆಗೆ ರಕ್ತ ಒಯ್ಯುವ ಸಣ್ಣ ನಾಳ ಇದೆ. ಹೊಲಕ್ಕೆ ನೀರು ಒಯ್ಯುವ ಪೈಪು ಇದ್ದ ಹಾಗೆ. ಅದರಲ್ಲಿ ಗಡ್ಡೆ ಸಿಕ್ಕಿದರೆ ಆ ಕಣ್ಣು ಒಮ್ಮೆಲೇ ಕತ್ತಲಾಗುತ್ತದೆ. ರಕ್ತ ಸಿಗದ ಪರದೆ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ.

ಕೆಲವರಿಗೆ ಐದು ಹತ್ತು ನಿಮಿಷ ಕತ್ತಲಾಗಿ ಮತ್ತೆ ಕಾಣುತ್ತದೆ. "ಸರಿ ಹೋಯ್ತಲ್ಲ" ಅಂತ ಕೆಲಸಕ್ಕೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡ್ರಿ. ಅದು ಲಕ್ವಾ ಹೊಡೆಯುವ ಮುನ್ಸೂಚನೆ ಆಗಿರಬಹುದು. ಮೊದಲ ಎರಡು ದಿನ ಅಪಾಯ ಹೆಚ್ಚು. ಕಣ್ಣು ತಿರುಗಿ ಬಂದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಎರಡೂ ಕಣ್ಣಿಗೆ ಒಂದೇ ಬದಿಯದು ಕಾಣದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಜೊತೆಗೆ ಬಾಯಿ ಸೊಟ್ಟಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಮೆದುಳಿಗೆ ಲಕ್ವಾ ಹೊಡೆದಿರಬಹುದು. ಆಗ 108ಕ್ಕೆ ಫೋನ್ ಮಾಡ್ರಿ. ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ತಲೆಯ ಸ್ಕ್ಯಾನ್ ಮಾಡಿದ ಮೇಲೆ, ತಕ್ಕವರಿಗೆ ಮಾತ್ರ ಅದನ್ನು ಕೊಡುತ್ತಾರೆ. ತೊಂದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲಕ್ವಾ ಔಷಧ ಕೊಡುವವರ ಊರು ಹುಡುಕುತ್ತ ಹೋದರೆ ಆ ವೇಳೆ ದಾರಿಯಲ್ಲೇ ಮುಗಿಯುತ್ತದೆ.

ಸಕ್ಕರೆ ಬೇನೆ ಇದ್ದವರಿಗೆ

ಶುಗರ್ ಬಹಳ ದಿನ ಹತೋಟಿಯಲ್ಲಿ ಇಲ್ಲದಿದ್ದರೆ ಪರದೆಯ ನಾಳ ಒಡೆದು ಕಣ್ಣಿನೊಳಗೆ ರಕ್ತ ಇಳಿಯಬಹುದು. ಕೆಂಪು ಅಥವಾ ಕರಿ ಎಳೆಗಳು ತೇಲಿದಂತೆ ಕಾಣುತ್ತವೆ. ಶುಗರ್ ಇದ್ದವರು ಕಣ್ಣು ಚೆನ್ನಾಗಿದ್ದಾಗಲೂ ವರ್ಷಕ್ಕೊಮ್ಮೆ ಪರದೆ ತೋರಿಸಬೇಕು. ಶುಗರ್ ಗುಳಿಗೆ ನುಂಗಿ ಊಟ ತಪ್ಪಿಸಿದರೆ ಬೆವರು, ನಡುಕ, ಮಂಜು ಬರಬಹುದು. ಅದು ಸಕ್ಕರೆ ಇಳಿದ ಲಕ್ಷಣ. ಎಚ್ಚರ ಇದ್ದರೆ ಕೂಡಲೇ ಸಕ್ಕರೆ ನೀರು ಕುಡಿಸ್ರಿ.

ಕೆಂಪು ಕಣ್ಣು, ನೋವು, ವಾಂತಿ

ಕಣ್ಣು ಕೆಂಪಾಗಿ, ಬಹಳ ನೋವಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಕಾಚಬಿಂದು ಇರಬಹುದು. ಕಣ್ಣಿನೊಳಗಿನ ಒತ್ತಡ ಒಮ್ಮೆಲೇ ಏರಿರುತ್ತದೆ. ವಾಂತಿಯೂ ಬರುತ್ತದೆ. "ಪಿತ್ತ ಆಗ್ಯದ" ಅಂತ ಮಲಗಿಸಬೇಡ್ರಿ. ಒತ್ತಡ ಇಳಿಸದಿದ್ದರೆ ಕಣ್ಣಿನ ನರ ಸಾಯುತ್ತದೆ. ಸತ್ತ ನರ ಮತ್ತೆ ಜೀವ ಪಡೆಯುವುದಿಲ್ಲ.

ಬಸುರಿ ಹೆಣ್ಣುಮಕ್ಕಳಿಗೆ

ಇದನ್ನು ಅತ್ತೆಯಂದಿರೂ ಗಂಡಸರೂ ಓದಬೇಕು. ಐದು ತಿಂಗಳಾದ ಮೇಲೆ ಬಸುರಿಗೆ ತಲೆ ಬಹಳ ನೋಯುತ್ತಿದ್ದು, ಕಣ್ಣು ಮಂಜಾದರೆ ಅಥವಾ ಮಿಂಚು ಕಂಡರೆ ಬಿಪಿ ಏರಿರಬಹುದು. ಮುಖ, ಕೈ ಬಾತಿರಬಹುದು. ಮೇಲಿನ ಹೊಟ್ಟೆ ನೋಯಬಹುದು. ಬಿಟ್ಟರೆ ಝಟಕೆ ಬರುತ್ತವೆ. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಹೆರಿಗೆಯಾದ ಮೇಲೂ ಕೆಲವು ವಾರ ಹೀಗೆ ಆಗಬಹುದು. ಆ ಗಳಿಗೆಯಲ್ಲೇ ಆಶಾ ತಾಯಿಗೆ ಹೇಳ್ರಿ, ಆಸ್ಪತ್ರೆಗೆ ಹೊರಡ್ರಿ.

ಇನ್ನೂ ಎರಡು ಕಾರಣ

ಕಳ್ಳ ಸಾರಾಯಿ ಕುಡಿದ ಮೇಲೆ ಕಣ್ಣು ಮಂಜಾದರೆ ಅದು ನಿಶೆ ಅಲ್ಲ. ಅದರಲ್ಲಿ ಮೆಥನಾಲ್ ಎಂಬ ವಿಷ ಇರಬಹುದು. 2015ರ ಜೂನ್ ತಿಂಗಳಲ್ಲಿ ಮುಂಬಯಿಯ ಮಾಲವಣಿಯಲ್ಲಿ ಇಂತಹ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಈ ವಿಷ ಕಣ್ಣಿನ ನರವನ್ನೂ ಸುಡುತ್ತದೆ. ನಾಚಿಕೆಪಟ್ಟು ಮುಚ್ಚಿಡಬೇಡ್ರಿ. ಕುಡಿದದ್ದನ್ನು ಡಾಕ್ಟರಿಗೆ ಹೇಳ್ರಿ.

ಇನ್ನೊಂದು ಕಾರಣ ಅರ್ಧ ತಲೆನೋವು. ಕೆಲವರಿಗೆ ತಲೆನೋವಿಗೆ ಮೊದಲು ಹೊಳೆಯುವ ವಂಕಿ ವಂಕಿ ಗೆರೆ ಕಾಣುತ್ತವೆ. ಸಾಮಾನ್ಯವಾಗಿ ಒಂದು ತಾಸಿನೊಳಗೆ ಹೋಗುತ್ತವೆ. ಇದರಿಂದ ಕಣ್ಣು ಕೆಡುವುದು ಬಹಳ ಅಪರೂಪ. ಆದರೂ ಮೊದಲ ಸಲ ಹೀಗಾದಾಗ ಡಾಕ್ಟರಿಗೆ ತೋರಿಸಲೇಬೇಕು. ಬೇರೆ ರೋಗವೂ ಇರಬಹುದು.

ಮನೆಯಲ್ಲೇ ಮಾಡಿ ನೋಡ್ರಿ

ಒಂದು ಕಣ್ಣು ಕೆಟ್ಟರೆ ಇನ್ನೊಂದು ಕಣ್ಣು ಅದನ್ನು ಮುಚ್ಚಿಹಾಕುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಗೋಡೆಯ ಕ್ಯಾಲೆಂಡರ್ ಮುಂದೆ ನಿಲ್ಲರಿ. ಚಷ್ಮಾ ಇದ್ದರೆ ಹಾಕಿಕೊಳ್ಳರಿ. ಅಂಗೈಯಿಂದ ಎಡಗಣ್ಣು ಮುಚ್ಚಿ ತಾರೀಖು ಓದ್ರಿ. ಆಮೇಲೆ ಬಲಗಣ್ಣು ಮುಚ್ಚಿ ಓದ್ರಿ. ಎರಡಕ್ಕೂ ಒಂದೇ ತರಹ ಕಾಣುತ್ತದೆಯೇ? ವಾರಕ್ಕೊಮ್ಮೆ ಹೀಗೆ ನೋಡಿಕೊಳ್ಳರಿ.

ಏನು ಮಾಡಬಾರದು?

ಜೇನುತುಪ್ಪ, ಎಣ್ಣೆ, ಎದೆಹಾಲು, ಉಳ್ಳಾಗಡ್ಡಿ ರಸ ಕಣ್ಣಿಗೆ ಹಾಕಬೇಡ್ರಿ. ಅಂಗಡಿಯವರು ಕೊಟ್ಟ ಡ್ರಾಪ್ಸ್ ಹಾಕಬೇಡ್ರಿ. ಕಣ್ಣು ತಿಕ್ಕಬೇಡ್ರಿ. ಗಾಡಿ ತಾವೇ ನಡೆಸಿಕೊಂಡು ಹೋಗಬೇಡ್ರಿ. ಆಸ್ಪತ್ರೆಯಲ್ಲಿ ಪರದೆ ನೋಡಲು ಔಷಧ ಹಾಕುತ್ತಾರೆ. ಅದರಿಂದ ಕೆಲವು ತಾಸು ಮಂಜಾಗಿಯೇ ಇರುತ್ತದೆ. ಅದಕ್ಕೆ ಜೊತೆಗೊಬ್ಬರು ಇರಲಿ. ಊರಿನ ದವಾಖಾನೆಯಲ್ಲಿ ಕಣ್ಣಿನ ಡಾಕ್ಟರ್ ಇಲ್ಲದಿದ್ದರೆ ಸೊಲ್ಲಾಪುರಕ್ಕೆ ಹೋಗ್ರಿ.

ಒಂದು ಚೀಟಿ ಬರೆಯಿರಿ

ಆಸ್ಪತ್ರೆಯಲ್ಲಿ ಗಾಬರಿಯಿಂದ ಮಾತು ಮರೆಯುತ್ತದೆ. ಅಲ್ಲಿ ಮರಾಠಿ ಮಾತಾಡಬೇಕು ಅಂತ ಕೆಲವರು ಹಿಂಜರಿಯುತ್ತಾರೆ. ಹೊರಡುವ ಮೊದಲು ಒಂದು ಚೀಟಿ ಬರೆದುಕೊಳ್ಳರಿ. ನೀವು ಕಲಿತ ಕನ್ನಡದಲ್ಲೇ ಬರೆಯಿರಿ. ಆ ಚೀಟಿ ನೋಡಿಕೊಂಡು ಹೇಳ್ರಿ.

1. ಎಷ್ಟು ಗಂಟೆಗೆ ಶುರುವಾಯಿತು?
2. ಎಡಗಣ್ಣೋ, ಬಲಗಣ್ಣೋ, ಎರಡೂ ಕಣ್ಣೋ?
3. ಏನು ಕಂಡಿತು? ಚುಕ್ಕೆ, ಮಿಂಚು, ನೆರಳು, ಕತ್ತಲೆ, ಎರಡೆರಡು?
4. ನೋವು ಇದೆಯೋ, ಇಲ್ಲವೋ?
5. ಬಿಪಿ, ಶುಗರ್ ಇದೆಯೇ? ಯಾವ ಗುಳಿಗೆ ನುಂಗುತ್ತೀರಿ?

ಮರಾಠಿಯಲ್ಲಿ ಇಷ್ಟು ಹೇಳಿದರೆ ಸಾಕು: "ಅಚಾನಕ ಏಕಾ ಡೋಳ್ಯಾನಂ ದಿಸಾಯಚಂ ಬಂದ ಝಾಲಂ." ಅಂದರೆ, ಒಮ್ಮೆಲೇ ಒಂದು ಕಣ್ಣು ಕಾಣದಾಯಿತು. ಇದನ್ನು ಕೇಳಿದರೆ ಇದು ಮೋತಿಬಿಂದಿನ ಮಾತಲ್ಲ ಅಂತ ಡಾಕ್ಟರಿಗೆ ತಿಳಿಯುತ್ತದೆ.

ಈ ಐದು ಪ್ರಶ್ನೆಗಳನ್ನು ಇವತ್ತೇ ನಿಮ್ಮ ವಹಿಯಲ್ಲಿ ಬರೆದಿಡ್ರಿ. ಓದು ಬಾರದ ನೆರೆಮನೆಯವರಿಗೆ ಓದಿ ಹೇಳ್ರಿ.