ಮನೆ ಹೋಯಿತು, ಕೊಟ್ಟ ಮಾತು ಏನಾಯಿತು?



ರಸ್ತೆಗೆ, ರೈಲು ಹಳಿಗೆ, ಆಸ್ಪತ್ರೆಗೆ, ಅಣೆಕಟ್ಟಿಗೆ ಎಂದು ಸರ್ಕಾರ ಜನರ ಜಮೀನು ತೆಗೆದುಕೊಳ್ಳುವುದು ನಮಗೇನೂ ಹೊಸದಲ್ಲ. ಕಳೆದುಕೊಂಡವರ ಸಂಕಟ ಅಲ್ಲಿಯೂ ದೊಡ್ಡದೇ. ಆದರೂ ಆ ರಸ್ತೆಯಲ್ಲಿ ನಾಳೆ ಎಲ್ಲರೂ ಓಡಾಡುತ್ತಾರೆ, ಆ ಆಸ್ಪತ್ರೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ ಎಂಬ ಸಮಾಧಾನವೊಂದು ಇರುತ್ತದೆ. ಸರ್ಕಾರ ಒಬ್ಬರ ಮನೆಯನ್ನು ತೆಗೆದುಕೊಂಡು ಖಾಸಗಿ ಕಟ್ಟಡ ಕಂಪನಿಯ ಕೈಗೆ ಕೊಡಹೊರಟರೆ ಏನು ಹೇಳಬೇಕು? 'ಅಲ್ಲಿ ಹೋಟೆಲು ಬರುತ್ತದೆ, ಆಫೀಸು ಬರುತ್ತದೆ, ಊರಿಗೆ ತೆರಿಗೆ ಬರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ. ಹಾಗಾಗಿ ಇದೂ ಸಾರ್ವಜನಿಕ ಉದ್ದೇಶವೇ' ಎಂದರೆ ಒಪ್ಪಬೇಕೇ? ಅಮೆರಿಕದ ಒಂದು ಸಣ್ಣ ಊರಿನ ಒಂಬತ್ತು ಮಂದಿ ಈ ಪ್ರಶ್ನೆಯನ್ನು ಆ ದೇಶದ ಸುಪ್ರೀಂ ಕೋರ್ಟಿನವರೆಗೆ ಒಯ್ದರು. 2005ರಲ್ಲಿ ಅವರು ಸೋತರು. ಆ ಸೋಲನ್ನೂ ಅದರ ಮುಂದೆ ನಡೆದದ್ದನ್ನೂ ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಊರಿನ ಹೆಸರು ನ್ಯೂ ಲಂಡನ್. ಕನೆಕ್ಟಿಕಟ್ ರಾಜ್ಯದಲ್ಲಿ, ಥೇಮ್ಸ್ ಎಂಬ ನದಿ ಸಮುದ್ರ ಸೇರುವ ಕಡೆ ಇದೆ. ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯ ಹಡಗುಗಳಿಂದ ಸಿರಿ ಕಂಡ ಬಂದರು ಅದು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಸೊರಗಿಹೋಗಿತ್ತು. 1990ರಲ್ಲಿ ರಾಜ್ಯದ ಇಲಾಖೆಯೇ ಅದನ್ನು ಸಂಕಷ್ಟದಲ್ಲಿರುವ ನಗರ ಎಂದು ಘೋಷಿಸಿತು. 1996ರಲ್ಲಿ ಫೋರ್ಟ್ ಟ್ರಂಬುಲ್ ಎಂಬ ಬಡಾವಣೆಯಲ್ಲಿದ್ದ ನೌಕಾಪಡೆಯ ಸಂಶೋಧನಾ ಕೇಂದ್ರ ಮುಚ್ಚಿತು. 1,500ಕ್ಕೂ ಹೆಚ್ಚು ಜನರ ಕೆಲಸ ಹೋಯಿತು. 1998ರಲ್ಲಿ ಊರಿನ ನಿರುದ್ಯೋಗ ರಾಜ್ಯದ ಪ್ರಮಾಣದ ಸುಮಾರು ಎರಡರಷ್ಟಿತ್ತು, ಜನಸಂಖ್ಯೆ 24,000ಕ್ಕಿಂತ ಕೆಳಗಿಳಿದಿತ್ತು. ಊರನ್ನು ಮತ್ತೆ ಎತ್ತಿ ನಿಲ್ಲಿಸಬೇಕು ಎಂಬ ಆಡಳಿತದವರ ತವಕ ನಿಜವಾದದ್ದೇ. ಅವರನ್ನು ಖಳರೆಂದು ತಿಳಿದರೆ ಈ ಪ್ರಕರಣವೇ ನಮಗೆ ಅರ್ಥವಾಗುವುದಿಲ್ಲ.

ಅಂಥ ಹೊತ್ತಿನಲ್ಲಿ, 1998ರ ಫೆಬ್ರುವರಿಯಲ್ಲಿ, ಔಷಧ ಕಂಪನಿ ಫೈಜರ್ 30 ಕೋಟಿ ಡಾಲರ್ ವೆಚ್ಚದ ಸಂಶೋಧನಾ ಕೇಂದ್ರವನ್ನು ಫೋರ್ಟ್ ಟ್ರಂಬುಲ್‌ನ ಪಕ್ಕದಲ್ಲೇ ಕಟ್ಟುವುದಾಗಿ ಹೇಳಿತು. ನಗರಾಡಳಿತಕ್ಕೆ ಜೀವ ಬಂದಂತಾಯಿತು. ಊರಿನ ಅಭಿವೃದ್ಧಿಗಾಗಿಯೇ ಇದ್ದ ಒಂದು ಖಾಸಗಿ, ಲಾಭರಹಿತ ನಿಗಮ ಸುಮಾರು 90 ಎಕರೆಗೆ ಯೋಜನೆ ಹಾಕಿತು. ನದೀ ದಂಡೆಯಲ್ಲಿ ಸಭಾಂಗಣವಿರುವ ದೊಡ್ಡ ಹೋಟೆಲು, ಅಂಗಡಿಗಳು, ದೋಣಿಕಟ್ಟೆಗಳು, ಸುಮಾರು 80 ಹೊಸ ಮನೆಗಳು, ಕಚೇರಿ ಕಟ್ಟಡಗಳು. ನಗರಸಭೆ 2000ದ ಜನವರಿಯಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಜೊತೆಗೆ ಇನ್ನೊಂದನ್ನೂ ಕೊಟ್ಟಿತು: ಮಾರಲೊಪ್ಪದವರ ಮನೆಗಳನ್ನು ನಗರದ ಹೆಸರಿನಲ್ಲಿ ಸ್ವಾಧೀನ ಮಾಡಿಕೊಳ್ಳುವ ಅಧಿಕಾರ. ಜನ ಆರಿಸದ, ಮುಂದಿನ ಚುನಾವಣೆಯಲ್ಲಿ ಜನ ಇಳಿಸಲಾಗದ ಒಂದು ಸಂಸ್ಥೆಗೆ ಈ ಅಧಿಕಾರ ಹೋಯಿತು ಎಂಬುದನ್ನು ನೆನಪಿಡಿ.

ಆ ಜಾಗದಲ್ಲಿ ಖಾಸಗಿಯವರ 115 ಆಸ್ತಿಗಳಿದ್ದವು. ಹೆಚ್ಚಿನವರು ಮಾರಿದರು. ಒಂಬತ್ತು ಮಂದಿ ಒಲ್ಲೆ ಎಂದರು. ಅವರ ಬಳಿ ಒಟ್ಟು 15 ಆಸ್ತಿಗಳಿದ್ದವು. ಅವರಲ್ಲಿ ಸುಸೆಟ್ ಕೆಲೊ ಒಬ್ಬರು. 1997ರಲ್ಲಿ ಅಲ್ಲೊಂದು ಹಳೆಯ ಮರದ ಮನೆ ಕೊಂಡು, ದುರಸ್ತಿ ಮಾಡಿಸಿ, ಗುಲಾಬಿ ಬಣ್ಣ ಹೊಡೆಸಿದ್ದರು. ಕಿಟಕಿಯಿಂದ ನೀರು ಕಾಣುತ್ತದೆ ಎಂಬುದಕ್ಕಾಗಿಯೇ ಆ ಮನೆ ಅವರಿಗೆ ಪ್ರಿಯವಾಗಿತ್ತು. ಇನ್ನೊಬ್ಬ ವೃದ್ಧೆ 1918ರಲ್ಲಿ ಆ ಬಡಾವಣೆಯ ತಮ್ಮ ಮನೆಯಲ್ಲಿ ಹುಟ್ಟಿ, ಬದುಕಿಡೀ ಅದೇ ಮನೆಯಲ್ಲಿದ್ದವರು. ಅವರ ಪತಿ ಮದುವೆಯಾದ ಮೇಲೆ ಆ ಮನೆಗೆ ಬಂದವರು; ತೀರ್ಪಿನ ಹೊತ್ತಿಗೆ ಅದಾಗಿ ಸುಮಾರು 60 ವರ್ಷವಾಗಿತ್ತು. ಈ ಮನೆಗಳು ಹಾಳುಬಿದ್ದಿವೆ, ಕೊಳಕಾಗಿವೆ ಎಂದು ನಗರಾಡಳಿತ ಎಂದೂ ಹೇಳಲಿಲ್ಲ. ಯೋಜನೆಯ ನಕ್ಷೆಯೊಳಗೆ ಇದ್ದವು, ಅಷ್ಟೇ. 2000ದ ನವೆಂಬರಿನಲ್ಲಿ ಸ್ವಾಧೀನದ ನೋಟಿಸು ಬಂತು. ಡಿಸೆಂಬರಿನಲ್ಲಿ ಅವರು ಕೋರ್ಟಿಗೆ ಹೋದರು.

ಕಾನೂನು ಏನು ಹೇಳುತ್ತದೆ? ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಐದನೆಯ ತಿದ್ದುಪಡಿಯ ಪ್ರಕಾರ, ಖಾಸಗಿ ಆಸ್ತಿಯನ್ನು ಸಾರ್ವಜನಿಕ ಬಳಕೆಗೆ ತೆಗೆದುಕೊಳ್ಳುವಾಗ ನ್ಯಾಯವಾದ ಪರಿಹಾರ ಕೊಡಲೇಬೇಕು. ಸಾರ್ವಜನಿಕ ಬಳಕೆ ಎಂದರೆ ಜನ ನೇರವಾಗಿ ಬಳಸುವುದು ಎಂಬ ಕಟ್ಟುನಿಟ್ಟನ್ನು ನ್ಯಾಯಾಲಯಗಳು ಬಹಳ ಹಿಂದೆಯೇ ಸಡಿಲಿಸಿದ್ದವು. ಸಾರ್ವಜನಿಕ ಉದ್ದೇಶವಿದ್ದರೆ ಸಾಕು ಎಂಬಲ್ಲಿಗೆ ಬಂದಿದ್ದವು. ಆ ಸಡಿಲಿಕೆಗೆ ಎರಡು ದೊಡ್ಡ ತೀರ್ಪುಗಳು ಆಧಾರ. 1954ರಲ್ಲಿ ವಾಷಿಂಗ್ಟನ್ ನಗರದ ಕೊಳಚೆ ಪ್ರದೇಶವೊಂದನ್ನು ಪೂರ್ತಿ ತೆರವು ಮಾಡುವ ಯೋಜನೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 1984ರ ಪ್ರಕರಣ ಹವಾಯಿಯದು. ಅಲ್ಲಿ ರಾಜ್ಯದ 47 ಪ್ರತಿಶತ ನೆಲ ಕೇವಲ 72 ಮಾಲೀಕರ ಕೈಯಲ್ಲಿತ್ತು. ಸರ್ಕಾರ ಆ ನೆಲವನ್ನು ಅವರಿಂದ ತೆಗೆದು, ಅದರ ಮೇಲೆ ಮನೆ ಕಟ್ಟಿಕೊಂಡು ಬಾಡಿಗೆ ಕಟ್ಟುತ್ತಿದ್ದವರಿಗೆ ಕೊಟ್ಟಿತು. ಕೋರ್ಟ್ ಅದನ್ನೂ ಸರಿ ಎಂದಿತು.

ಹವಾಯಿಯ ಪ್ರಕರಣದ ಬಳಿ ನಾವು ಸ್ವಲ್ಪ ನಿಲ್ಲಬೇಕು. ಕರ್ನಾಟಕದವರಿಗೆ ಇದು ಚೆನ್ನಾಗಿ ತಿಳಿದ ವಿಷಯ. ದೇವರಾಜ ಅರಸು ಅವರ ಕಾಲದಲ್ಲಿ, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ಬಲದಿಂದ, ಗೇಣಿದಾರರು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಅದೂ ಒಬ್ಬ ಖಾಸಗಿಯವನಿಂದ ತೆಗೆದು ಇನ್ನೊಬ್ಬನಿಗೆ ಕೊಟ್ಟದ್ದೇ. ಹಾಗಿರುವಾಗ ಖಾಸಗಿಯವರಿಗೆ ಕೊಟ್ಟದ್ದೆಲ್ಲ ತಪ್ಪು ಎಂದು ಹೇಳಿಬಿಡಲು ಬರುವುದಿಲ್ಲ. ವ್ಯತ್ಯಾಸ ಬೇರೆ ಕಡೆ ಇದೆ. ಗೇಣಿದಾರನಿಗೆ ಹಕ್ಕುಪತ್ರ ಸಿಕ್ಕ ದಿನವೇ ಆ ಕಾನೂನಿನ ಉದ್ದೇಶ ಈಡೇರಿತು. ನ್ಯೂ ಲಂಡನ್ನಿನಲ್ಲಿ ಮನೆ ಕೆಡವಿದ ದಿನ ಯಾವ ಉದ್ದೇಶವೂ ಈಡೇರುವುದಿಲ್ಲ. ಮುಂದೆ ಯಾರೋ ಬಂದು, ಬಂಡವಾಳ ಹಾಕಿ, ಕಟ್ಟಡ ಕಟ್ಟಿ, ಕೆಲಸ ಕೊಟ್ಟರೆ ಮಾತ್ರ ಈಡೇರುತ್ತದೆ. ಮನೆ ಹೋಗುವುದು ಖಚಿತ, ಬರಬೇಕಾದದ್ದು ಬರೀ ಭರವಸೆ.

ಕೆಲೊ ಮತ್ತು ಅವರ ನೆರೆಯವರ ವಕೀಲರು ಇದನ್ನೇ ಹಿಡಿದರು. ಅವರ ಮೊದಲ ವಾದ, ಬರೀ ಆರ್ಥಿಕ ಅಭಿವೃದ್ಧಿಗಾಗಿ ಮನೆ ಕಿತ್ತುಕೊಳ್ಳಬಾರದು ಎಂಬುದು. ಅದನ್ನು ಒಪ್ಪದಿದ್ದರೆ ಇಷ್ಟಾದರೂ ಮಾಡಿ ಎಂದು ಎರಡನೆಯದನ್ನು ಇಟ್ಟರು: ಹೇಳಿದ ಪ್ರಯೋಜನ ಜನರಿಗೆ ನಿಜಕ್ಕೂ ಸಿಗುತ್ತದೆ ಎಂಬುದಕ್ಕೆ ತಕ್ಕಮಟ್ಟಿನ ಖಾತರಿ ಕೇಳಿ. 2005ರ ಜೂನ್ 23ರಂದು ಐವರು ನ್ಯಾಯಮೂರ್ತಿಗಳು ನಗರದ ಪರವಾಗಿ, ನಾಲ್ವರು ವಿರುದ್ಧವಾಗಿ ನಿಂತರು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ನಗರ ಎಚ್ಚರಿಕೆಯಿಂದ ಸಮಗ್ರ ಯೋಜನೆ ಮಾಡಿದೆ, ಅದರ ಜಾಣ್ಮೆಯನ್ನು ಅಳೆಯುವುದು ಕೋರ್ಟಿನ ಕೆಲಸವಲ್ಲ ಎಂಬುದು ಅದರ ತಿರುಳು. ಖಾತರಿ ಬೇಕೆಂಬ ಎರಡನೆಯ ಬೇಡಿಕೆಯನ್ನೂ ಅದು ತಳ್ಳಿಹಾಕಿತು. ಹಾಗೆ ಕೇಳುತ್ತಾ ಹೋದರೆ ದೊಡ್ಡ ಯೋಜನೆಗಳು ಮುಂದೆ ಸಾಗುವುದೇ ಇಲ್ಲ ಎಂದಿತು. ಇಷ್ಟಾದರೂ ರಾಜ್ಯಗಳು ಬೇಕಿದ್ದರೆ ಇನ್ನೂ ಬಿಗಿಯಾದ ಕಾನೂನು ಮಾಡಿಕೊಳ್ಳಬಹುದು ಎಂದು ತೀರ್ಪಿನಲ್ಲೇ ಹೇಳಿತ್ತು.

ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಎತ್ತಿದ ಪ್ರಶ್ನೆ ನೇರವಾಗಿತ್ತು. ಈಗಿರುವುದಕ್ಕಿಂತ ಹೆಚ್ಚು ತೆರಿಗೆ ತರುವ ಬಳಕೆ ಯಾವ ಆಸ್ತಿಗೆ ತಾನೇ ಇಲ್ಲ? ಮನೆಯ ಜಾಗದಲ್ಲಿ ಮಾಲ್ ಬಂದರೆ, ಹೊಲದ ಜಾಗದಲ್ಲಿ ಕಾರ್ಖಾನೆ ಬಂದರೆ ವರಮಾನ ಹೆಚ್ಚೇ. ಹಾಗಾದರೆ ಯಾರ ಆಸ್ತಿಯೂ ಭದ್ರವಲ್ಲ. ಪ್ರಭಾವವಿದ್ದವರು ಪಡೆಯುತ್ತಾರೆ, ಇಲ್ಲದವರು ಕಳೆದುಕೊಳ್ಳುತ್ತಾರೆ ಎಂದು ಅವರು ಎಚ್ಚರಿಸಿದರು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬೇರೆಯಾಗಿಯೇ ಬರೆದು, 1954ರ ವಾಷಿಂಗ್ಟನ್ ಯೋಜನೆಯಲ್ಲಿ ಮನೆ ಕಳೆದುಕೊಂಡವರಲ್ಲಿ 97 ಪ್ರತಿಶತಕ್ಕೂ ಹೆಚ್ಚು ಜನ ಕರಿಯರಾಗಿದ್ದರು ಎಂಬುದನ್ನು ನೆನಪಿಸಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಮನಸ್ಸಿಗೆ ನಾಟುವ ಮಾತು ಇದು. ನಕ್ಷೆಯ ಮೇಲೆ ಗೆರೆ ಎಳೆಯುವ ಕೈ, ಎದುರಿಸುವ ಶಕ್ತಿಯಿಲ್ಲದವರು ಎಲ್ಲಿದ್ದಾರೆಂದು ನೋಡಿಯೇ ಎಳೆಯುತ್ತದೆ. ಅಲ್ಲಿಯೂ ಹಾಗೆ, ಇಲ್ಲಿಯೂ ಹಾಗೆ.

ತೀರ್ಪಿನ ವಿರುದ್ಧ ಎದ್ದ ಸಿಟ್ಟು ಅಪರೂಪದ್ದು. ಎಡ, ಬಲ ಎನ್ನದೆ ಜನ ಎದ್ದರು. ಮುಂದಿನ ವರ್ಷಗಳಲ್ಲಿ 40ಕ್ಕೂ ಹೆಚ್ಚು ರಾಜ್ಯಗಳು ತಮ್ಮ ಸ್ವಾಧೀನದ ಕಾನೂನನ್ನು ತಿದ್ದಿಕೊಂಡವು. ಫ್ಲಾರಿಡಾ, ಮಿಚಿಗನ್‌ನಂಥ ರಾಜ್ಯಗಳು ಸಂವಿಧಾನವನ್ನೇ ತಿದ್ದಿ ಬಿಗಿ ಮಾಡಿದವು. ಎಷ್ಟೋ ಕಡೆ ತಿದ್ದುಪಡಿ ಹೆಸರಿಗೆ ಮಾತ್ರ ಆಯಿತು: ಹಾಳುಬಿದ್ದ ಪ್ರದೇಶ ಎಂದು ಘೋಷಿಸಿ ತೆಗೆದುಕೊಳ್ಳುವ ಕಳ್ಳದಾರಿ ಹಾಗೆಯೇ ಉಳಿಯಿತು. ಕೆಲೊ ಅವರ ಗುಲಾಬಿ ಮನೆಯನ್ನು 2006ರ ಒಪ್ಪಂದದಂತೆ ಬಿಚ್ಚಿ, ಊರಿನ ಇನ್ನೊಂದು ಬೀದಿಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಅವರು ಅಲ್ಲಿ ವಾಸಕ್ಕೆ ಹೋಗಲಿಲ್ಲ. ನದಿಯಾಚೆಯ ಊರಿಗೆ ಹೋದರು.

ಯೋಜನೆಯ ಕಥೆ ಹೀಗಾಯಿತು. ಹೋಟೆಲು ಬರಲಿಲ್ಲ. ಹೊಸ ಮನೆಗಳು ಬರಲಿಲ್ಲ. ಕಟ್ಟಲು ಗೊತ್ತುಮಾಡಿದ್ದ ಕಂಪನಿಗೆ ಸಾಲ ಹುಟ್ಟಲಿಲ್ಲ. 2009ರ ನವೆಂಬರಿನಲ್ಲಿ ಫೈಜರ್ ತನ್ನ ನ್ಯೂ ಲಂಡನ್ ಕೇಂದ್ರವನ್ನೇ ಮುಚ್ಚುವುದಾಗಿ, ಸುಮಾರು 1,400 ನೌಕರರನ್ನು ನದಿಯಾಚೆಯ ಗ್ರಾಟನ್‌ಗೆ ಕಳಿಸುವುದಾಗಿ ಪ್ರಕಟಿಸಿತು. ಯೋಜನೆಗೆ ಸಾರ್ವಜನಿಕರ ಸುಮಾರು 8 ಕೋಟಿ ಡಾಲರ್ ಖರ್ಚಾಗಿತ್ತು. ಮನೆಗಳಿದ್ದ ಜಾಗ ತೀರ್ಪು ಬಂದು ಹತ್ತು ವರ್ಷ ಕಳೆದ ಮೇಲೂ ಬಯಲಾಗಿ, ಹುಲ್ಲು ಬೆಳೆದು ಬಿದ್ದಿತ್ತು. 2011ರ ಚಂಡಮಾರುತದಲ್ಲಿ ಮುರಿದುಬಿದ್ದ ಕೊಂಬೆರೆಂಬೆಗಳನ್ನು ಊರಿನವರು ತಂದು ಸುರಿದದ್ದು ಅಲ್ಲಿಯೇ. ಭರವಸೆ ಕೊಟ್ಟವರಲ್ಲಿ ಒಬ್ಬರೂ ಮನೆ ಕಳೆದುಕೊಂಡವರಿಗೆ ಲೆಕ್ಕ ಒಪ್ಪಿಸಬೇಕಾಗಿ ಬರಲಿಲ್ಲ, ಏಕೆಂದರೆ ಕಾನೂನು ಕೇಳುವುದು ಎರಡೇ: ಉದ್ದೇಶ ಇತ್ತೇ? ಪರಿಹಾರ ಕೊಟ್ಟಿರಾ? ಉದ್ದೇಶ ಈಡೇರಿತೇ ಎಂದು ಯಾರೂ ಕೇಳುವುದಿಲ್ಲ.

ನಮ್ಮಲ್ಲಿ? ಪಶ್ಚಿಮ ಬಂಗಾಳದ ಸಿಂಗೂರನ್ನು ನೆನೆಯಿರಿ. 2006ರಲ್ಲಿ ಕಾರು ಕಾರ್ಖಾನೆಗೆಂದು ಸುಮಾರು 997 ಎಕರೆ ಸ್ವಾಧೀನವಾಯಿತು; 2008ರಲ್ಲಿ ಕಂಪನಿ ಗುಜರಾತಿಗೆ ಹೋಯಿತು; ಸ್ವಾಧೀನ ಕಾನೂನುಬದ್ಧವಾಗಿ ನಡೆದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿ ಜಮೀನು ವಾಪಸು ಕೊಡಿಸಿದ್ದು 2016ರಲ್ಲಿ. ಫಲವತ್ತಾದ ಗದ್ದೆಯಲ್ಲಿ ಅಷ್ಟರಲ್ಲಿ ಕಾಂಕ್ರೀಟು ಕೂತಿತ್ತು. ಆಸ್ತಿಯ ಹಕ್ಕು ನಮ್ಮಲ್ಲಿ 1978ರ 44ನೆಯ ತಿದ್ದುಪಡಿಯ ನಂತರ ಮೂಲಭೂತ ಹಕ್ಕಲ್ಲ. 300ಎ ವಿಧಿಯಡಿ ಸಾಂವಿಧಾನಿಕ ಹಕ್ಕು ಮಾತ್ರ. ಆದರೂ ಕೆಲವು ವಿಷಯಗಳಲ್ಲಿ ನಮ್ಮ 2013ರ ಭೂಸ್ವಾಧೀನ ಕಾಯ್ದೆ ನ್ಯೂ ಲಂಡನ್ನಿನ ತೀರ್ಪಿಗಿಂತ ಮುಂದಿದೆ. ಖಾಸಗಿ ಕಂಪನಿಗಾದರೆ ಬಾಧಿತ ಕುಟುಂಬಗಳಲ್ಲಿ 80 ಪ್ರತಿಶತ, ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕಾದರೆ 70 ಪ್ರತಿಶತ ಒಪ್ಪಿಗೆ ಬೇಕು. ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು. ಸ್ವಾಧೀನಕ್ಕೆ ತೆಗೆದುಕೊಂಡು ಐದು ವರ್ಷ ಬಳಸದೆ ಬಿಟ್ಟ ಜಮೀನು ಮೂಲ ಮಾಲೀಕರಿಗೆ ಹಿಂತಿರುಗಬೇಕು, ಇಲ್ಲವೇ ಸರ್ಕಾರದ ಭೂ ಬ್ಯಾಂಕಿಗೆ ಸೇರಬೇಕು. ಆ 'ಇಲ್ಲವೇ' ಅನ್ನು ತೆಗೆದುಹಾಕಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಹೇಳಿದ ಕೆಲಸಕ್ಕೆ ಬಳಸದ ನೆಲದ ಮೇಲೆ ಕಳೆದುಕೊಂಡವನಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವುದು ಹೆಚ್ಚಾಗಿ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆಯಡಿ, ಅಂದರೆ ಜನ ಕೆಐಎಡಿಬಿ ಕಾಯ್ದೆ ಎನ್ನುವುದರಡಿ. ಆ ಕಾಯ್ದೆಯಲ್ಲಿ ರೈತರ ಒಪ್ಪಿಗೆಯ ಶರತ್ತಾಗಲಿ ಸಾಮಾಜಿಕ ಅಧ್ಯಯನವಾಗಲಿ ಇಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಇದೇ ದಾರಿಯಲ್ಲಿ ಹೋಗುವುದರಲ್ಲಿತ್ತು. ತರಕಾರಿ, ಹೂವು, ದ್ರಾಕ್ಷಿ ಬೆಳೆಯುವ ನೆಲ. ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ಹೆಂಗಸರು, ಮುದುಕರು ಬಿಸಿಲು ಮಳೆ ಎನ್ನದೆ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ಪಡೆಯುತ್ತೇವೆ ಎಂದರು. ಆ ಮಾತು ಕಾಯ್ದೆಯೊಳಕ್ಕೇ ಬರಬೇಕು. ಪ್ರತಿ ಹಳ್ಳಿಯೂ ತನ್ನ ಒಪ್ಪಿಗೆಯನ್ನು ಕೇಳಿಸಲು ಮೂರು ವರ್ಷ ಬೀದಿಯಲ್ಲಿ ಕೂರಬೇಕಾಗಬಾರದು.

ಕೊನೆಯದಾಗಿ ಒಂದು ಮಾತು. ಇದನ್ನು ಕೇಳುತ್ತಿರುವವರಲ್ಲಿ ಯಾರಿಗಾದರೂ ಸ್ವಾಧೀನದ ನೋಟಿಸು ಬಂದಿದ್ದರೆ, ಅದು ಯಾವ ಕಾಯ್ದೆಯಡಿ ಬಂದಿದೆ ಎಂದು ಮೊದಲು ನೋಡಿ. 2013ರ ಕಾಯ್ದೆಯಡಿಯಾದರೆ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನದೊಳಗೆ, ಕೆಐಎಡಿಬಿ ಕಾಯ್ದೆಯಡಿಯಾದರೆ ನೋಟಿಸು ಕೈಸೇರಿದ 30 ದಿನದೊಳಗೆ ನಿಮ್ಮ ಆಕ್ಷೇಪಣೆಯನ್ನು ಬರಹದಲ್ಲಿ ಕೊಡಿ. ಬಾಯಿಮಾತಿಗೆ ಬೆಲೆಯಿಲ್ಲ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ, ಅದರ ಪ್ರತಿಯನ್ನು ಪಹಣಿಯ ಜೊತೆ ಜೋಪಾನವಾಗಿಡಿ. ಊರಿನವರು ಒಟ್ಟಾಗಿ ಹೋಗಿ. ಯೋಜನೆಯಲ್ಲಿ ಏನು ಬರುತ್ತದೆ, ಯಾವಾಗ ಬರುತ್ತದೆ, ಬಾರದಿದ್ದರೆ ನಮ್ಮ ನೆಲ ನಮಗೆ ಹೇಗೆ ವಾಪಸು ಬರುತ್ತದೆ ಎಂದು ಆ ಆಕ್ಷೇಪಣೆಯಲ್ಲೇ ಕೇಳಿ.