ಕೇಳಿ: ‘ಈಡಿಪಸ್’ ನಾಟಕದ ಮೊದಲ ದೃಶ್ಯದಲ್ಲೇ ವಿಧಿ ಕೂತಿದೆ

ಪರೀಕ್ಷೆ ಕೈಕೊಟ್ರೆ ಹಣೆಬರಹ, ಕೆಲಸ ಸಿಗದಿದ್ರೆ ಹಣೆಬರಹ. ನಾವೆಲ್ಲಾ ಹೇಳೋ ಮಾತೇ ಇದು. ವಿಧಿ ಅಂದ ಕೂಡಲೇ ರಂಗಭೂಮಿಯವರಿಗೆ ನೆನಪಾಗೋ ನಾಟಕ ಒಂದಿದೆ. ಕ್ರಿ.ಪೂ. 5ನೇ ಶತಮಾನದಲ್ಲಿ ಅಥೆನ್ಸ್‌ನ ಸೊಫೋಕ್ಲಿಸ್ ಬರೆದ ‘ಈಡಿಪಸ್’. ಪಿ. ಲಂಕೇಶ್ ಅದನ್ನು ‘ದೊರೆ ಈಡಿಪಸ್’ ಅಂತ ಕನ್ನಡಕ್ಕೆ ತಂದಿದ್ದಾರೆ. ಇವತ್ತು ಅದರ ಮೊದಲ ದೃಶ್ಯವನ್ನಷ್ಟೇ ನೋಡೋಣ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ತಂದೆಯನ್ನು ಕೊಂದು ತಾಯಿಯನ್ನು ಮದುವೆ ಆಗ್ತೀಯ ಅಂತ ಈಡಿಪಸ್‌ಗೆ ಭವಿಷ್ಯವಾಣಿ ಆಗಿತ್ತು. ತಪ್ಪಿಸ್ಕೊಳ್ಳೋಕೆ ಊರು ಬಿಟ್ಟ. ದಾರಿಯಲ್ಲಿ ಜಗಳವಾಗಿ ಒಬ್ಬ ಮುದುಕನನ್ನು ಕೊಂದ. ಥೀಬ್ಸ್‌ಗೆ ಬಂದು ಸ್ಫಿಂಕ್ಸ್‌ನ ಒಗಟು ಬಿಡಿಸಿ ದೊರೆಯಾದ, ವಿಧವೆ ರಾಣಿಯನ್ನು ಮದುವೆಯಾದ. ಆ ಮುದುಕ ಅವನ ಅಪ್ಪ, ಈ ರಾಣಿ ಅವನ ಅಮ್ಮ. ಅದು ಅವನಿಗೆ ಗೊತ್ತಿಲ್ಲ. ನಾಟಕ ನೋಡೋಕೆ ಬಂದ ಗ್ರೀಕ್ ಜನಕ್ಕೆ ಗೊತ್ತಿತ್ತು.

ನಾಟಕ ಶುರುವಾಗೋ ಹೊತ್ತಿಗೆ ಇದೆಲ್ಲಾ ಆಗಿ ವರ್ಷಗಳೇ ಕಳೆದಿವೆ. ಅರಮನೆ ಮುಂದೆ ಜನ ಮೊರೆಯಿಡ್ತಾ ಕೂತಿದ್ದಾರೆ. ಬೆಳೆ ಒಣಗಿದೆ, ದನಕರು ಸಾಯ್ತಿವೆ, ಹುಟ್ಟೋ ಮಕ್ಕಳು ಉಳೀತಿಲ್ಲ. ಈಡಿಪಸ್ ತಾನೇ ಹೊರಗೆ ಬಂದು, ಮಕ್ಕಳೇ ಅಂತ ಮಾತಾಡಿಸ್ತಾನೆ. ನಿಮಗೆ ನಿಮ್ಮ ನಿಮ್ಮ ನೋವು, ನನಗೆ ಇಡೀ ಊರಿನ ನೋವು ಅಂತಾನೆ. ನೋಡೋರ ಎದೆ ಝಲ್ ಅನ್ನುತ್ತೆ, ಯಾಕಂದ್ರೆ ಊರಿಗೆ ಬಡಿದ ಮಾರಿಯ ಮೂಲವೇ ಅವನು.

ಅಷ್ಟರಲ್ಲಿ, ಡೆಲ್ಫಿಗೆ ದೇವವಾಣಿ ಕೇಳೋಕೆ ಹೋಗಿದ್ದ ಕ್ರಿಯಾನ್ ವಾಪಸ್ ಬರ್ತಾನೆ. ಇವನು ರಾಣಿಯ ಸಹೋದರ. ಬೇಕಿದ್ರೆ ಒಳಗೆ ಹೋಗಿ ಮಾತಾಡೋಣ ಅಂತಾನೆ. ಬೇಡ, ಎಲ್ಲರೆದುರೇ ಹೇಳು ಅಂತಾನೆ ಈಡಿಪಸ್. ಸುದ್ದಿ ಇಷ್ಟೇ: ಹಿಂದಿನ ದೊರೆ ಲಾಯಸ್‌ನನ್ನು ಕೊಂದವರು ಇದೇ ನಾಡಲ್ಲಿದ್ದಾರೆ, ಅವರಿಗೆ ಶಿಕ್ಷೆ ಆಗಬೇಕು. ದರೋಡೆಕೋರರು ಕೊಂದರಂತೆ ಅಂತ ಕ್ರಿಯಾನ್ ಬಹುವಚನದಲ್ಲಿ ಹೇಳ್ತಾನೆ. ಈಡಿಪಸ್ ಮರುಪ್ರಶ್ನೆ ಹಾಕುವಾಗ ‘ದರೋಡೆಕೋರ’ ಅಂದುಬಿಡ್ತಾನೆ. ಏಕವಚನ! ಆ ಒಂದು ಪದದಲ್ಲಿ ವಿಧಿ ಇಣುಕಿ ಹೋಗುತ್ತೆ.

ನನಗೆ ಇದಕ್ಕಿಂತ ಮುಖ್ಯ ಅನ್ಸೋದು ಇನ್ನೊಂದು. ಈ ದೃಶ್ಯದ ದೇವವಾಣಿ, ನಿನಗೆ ಮುಂದೆ ಹೀಗಾಗುತ್ತೆ ಅಂತ ಹೇಳೋದೇ ಇಲ್ಲ. ಒಂದು ಕೆಲಸ ಕೊಡುತ್ತೆ. ಕೊಲೆ, ಮದುವೆ ಎರಡೂ ಮುಗಿದಿವೆ. ಉಳಿದಿರೋದು ಸತ್ಯವನ್ನು ಎಷ್ಟು ದೂರ ಹುಡುಕ್ಕೊಂಡು ಹೋಗೋದು ಅನ್ನೋದು. ಗುಟ್ಟಾಗಿ ಕೇಳಿ ಮುಚ್ಚಿಹಾಕಬಹುದಿತ್ತು. ಊರಿನ ಮೇಲಿನ ಕಾಳಜಿ, ಹಟ, ಮುಚ್ಚುಮರೆ ಇಲ್ಲದ ಸ್ವಭಾವ ಅವನನ್ನು ಮುಂದಕ್ಕೆ ತಳ್ಳುತ್ತವೆ. ಒಳ್ಳೇ ಗುಣಗಳೇ ಅವನನ್ನು ಕೆಡವುತ್ತವೆ, ದುರಂತ ಅಂದ್ರೆ ಅದು.

ಹಣೆಬರಹ ಅಂದು ನಾವು ಮಾತು ಮುಗಿಸ್ತೀವಿ. ಈಡಿಪಸ್ ಅಲ್ಲಿಂದ ಪ್ರಶ್ನೆ ಕೇಳೋಕೆ ಶುರುಮಾಡ್ತಾನೆ. ಆಗಿಹೋದದ್ದನ್ನು ಬದಲಿಸೋಕೆ ಅವನಿಂದಲೂ ಆಗಲಿಲ್ಲ. ಆದ್ರೆ ಅದನ್ನು ತಿಳ್ಕೊಳ್ಳೋದಾ, ಮುಖ ತಿರುಗಿಸೋದಾ ಅನ್ನೋದು ಅವನ ಕೈಲೇ ಇತ್ತು. ನಾಟಕ ಸಿಕ್ಕರೆ ಮೊದಲ ದೃಶ್ಯ ಓದಿ, ಅವನ ಒಂದೊಂದು ಮಾತನ್ನೂ ಎರಡೆರಡು ಸಲ. ಮತ್ತೆ ಸಿಗೋಣ.