ಮಸೂದೆಯ ಮೊದಲ ಓದುಗರು ಯಾರು?



ಸರಕಾರವೊಂದು ತರಲು ಬಯಸುವ ಕಾನೂನಿನ ಬಗ್ಗೆ ಪ್ರಜೆ ಯಾವಾಗ ಬಾಯಿ ತೆರೆಯಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ನಿಮ್ಮನ್ನು ಸ್ಕಾಟ್ಲೆಂಡಿಗೆ ಕರೆದೊಯ್ಯುತ್ತೇನೆ.

ಸ್ಕಾಟ್ಲೆಂಡ್ ಸ್ವತಂತ್ರ ರಾಷ್ಟ್ರವಲ್ಲ. ಬ್ರಿಟಿಷ್ ಸಂಸತ್ತು 1998ರ ಕಾಯ್ದೆಯೊಂದರ ಮೂಲಕ ತನ್ನ ಅಧಿಕಾರದ ಒಂದು ಪಾಲನ್ನು ಅದಕ್ಕೆ ಬಿಟ್ಟುಕೊಟ್ಟಿತು. 1999ರಲ್ಲಿ ಎಡಿನ್‌ಬರೋದಲ್ಲಿ 129 ಸದಸ್ಯರ ಶಾಸನಸಭೆ ಆರಂಭವಾಯಿತು. ರಕ್ಷಣೆ, ವಿದೇಶಾಂಗ, ವಲಸೆ ಲಂಡನ್ನಿನ ಬಳಿಯೇ ಉಳಿದವು. ಪೊಲೀಸು, ಶಿಕ್ಷಣ, ಆರೋಗ್ಯ, ಕ್ರಿಮಿನಲ್ ಕಾನೂನು ಎಡಿನ್‌ಬರೋದ ಪಾಲಾದವು. ಮುಂದೆ ತರಲಿರುವ ಮಸೂದೆಗಳ ಪಟ್ಟಿಯನ್ನು ಅಲ್ಲಿನ ಪ್ರಥಮ ಮಂತ್ರಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸದನದ ಮುಂದಿಡುತ್ತಾರೆ. ಇಷ್ಟು ಪೀಠಿಕೆ ಸಾಕು.

ಅಂಥ ಮಸೂದೆಗಳಲ್ಲೊಂದು ದ್ವೇಷಾಪರಾಧದ ಮಸೂದೆ. ಜನಾಂಗದ ಹೆಸರಿನಲ್ಲಿ ದ್ವೇಷ ಕೆರಳಿಸುವುದು 1986ರಿಂದಲೇ ಅಲ್ಲಿ ಅಪರಾಧವಾಗಿತ್ತು. ಧರ್ಮದ ಹೆಸರಿನಲ್ಲಿ ಕೆರಳಿಸುವುದರ ವಿರುದ್ಧ ಇಂಗ್ಲೆಂಡಿನಲ್ಲಿ 2006ರಲ್ಲಿ ಕಾನೂನು ಬಂದರೂ ಸ್ಕಾಟ್ಲೆಂಡಿನಲ್ಲಿ ಅಂಥ ಅಪರಾಧ ಇರಲಿಲ್ಲ. ನ್ಯಾಯಮೂರ್ತಿ ಲಾರ್ಡ್ ಬ್ರಕಡೇಲ್ ಇದನ್ನು ಪರಿಶೀಲಿಸಿ 2018ರ ಮೇ ತಿಂಗಳಲ್ಲಿ ವರದಿ ಕೊಟ್ಟರು. ಸರಕಾರ ಜನಾಭಿಪ್ರಾಯ ಕೇಳಿತು. 2020ರ ಏಪ್ರಿಲ್‌ನಲ್ಲಿ ಮಸೂದೆ ಮಂಡನೆಯಾಯಿತು. ಮಂಡಿಸಿದವರು ಆಗಿನ ನ್ಯಾಯಾಂಗ ಸಚಿವ ಹಮ್ಜಾ ಯೂಸುಫ್, ಪಾಕಿಸ್ತಾನಿ ಮೂಲದ ಕುಟುಂಬದ ಮಗ.

ಇಲ್ಲಿಂದ ಮುಂದಿನದ್ದು ನನಗೆ ಅತ್ಯಂತ ಸ್ವಾರಸ್ಯಕರವೆನಿಸುತ್ತದೆ. ಮಸೂದೆಯ ಮೊದಲ ರೂಪದಲ್ಲಿ, ದ್ವೇಷ ಕೆರಳಿಸುವ ಉದ್ದೇಶ ಇಲ್ಲದಿದ್ದರೂ ಮಾತಿನಿಂದ ದ್ವೇಷ ಕೆರಳುವ ಸಂಭವವಿದ್ದರೆ ಸಾಕಿತ್ತು, ಅದು ಅಪರಾಧ. ಉದ್ರೇಕಕಾರಿ ಬರಹವನ್ನು ಇಟ್ಟುಕೊಳ್ಳುವುದೂ ಅಪರಾಧ. ಶಾಸನಸಭೆಯ ಸಮಿತಿ ಅಭಿಪ್ರಾಯ ಆಹ್ವಾನಿಸಿದಾಗ ಸುಮಾರು ಎರಡು ಸಾವಿರ ಪತ್ರಗಳು ಬಂದವು. ಹಾಗಾದರೆ ಬೈಬಲ್ ಇಟ್ಟುಕೊಂಡವನ ಗತಿಯೇನು ಎಂದು ಕ್ಯಾಥೊಲಿಕ್ ಬಿಷಪರು ಕೇಳಿದರು. ಸೆಕ್ಯುಲರ್ ಸಂಘಟನೆ, ವಕೀಲರು, ಪೊಲೀಸರ ಒಕ್ಕೂಟ, ಲೇಖಕರು, ನಟರು ಆಕ್ಷೇಪವೆತ್ತಿದರು. ಬಿಷಪರೂ ದೇವರನ್ನು ಒಪ್ಪದವರೂ ಒಂದೇ ಸಾಲಿನಲ್ಲಿ ನಿಂತ ದೃಶ್ಯ ದಿನನಿತ್ಯದ್ದಲ್ಲ.

ಸರಕಾರ ಹಟ ಹಿಡಿಯಲಿಲ್ಲ. ಧರ್ಮ ಮತ್ತಿತರ ಹೊಸ ವಿಭಾಗಗಳಲ್ಲಿ ದ್ವೇಷ ಕೆರಳಿಸುವ ಉದ್ದೇಶ ಸಾಬೀತಾಗಲೇಬೇಕೆಂದು 2020ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ ಘೋಷಿಸಿತು. ಬರಹ ಇಟ್ಟುಕೊಳ್ಳುವುದರ ಕುರಿತ ಕಲಮನ್ನು ಕೈಬಿಡಲಾಯಿತು. 2021ರ ಮಾರ್ಚ್ 11ರಂದು 82 ಮತಗಳಿಂದ, 32ರ ವಿರೋಧದ ನಡುವೆ ಮಸೂದೆ ಅಂಗೀಕಾರವಾಯಿತು. ಗರಿಷ್ಠ ಶಿಕ್ಷೆ 7 ವರ್ಷ. ಜಾರಿಗೆ ಬಂದದ್ದು 2024ರ ಏಪ್ರಿಲ್ 1ರಂದು. ಆಗ ಹಮ್ಜಾ ಯೂಸುಫ್ ಸ್ವತಃ ಪ್ರಥಮ ಮಂತ್ರಿ.

ಈ ಕಾಯ್ದೆಯ ಒಂಬತ್ತನೆಯ ಕಲಮನ್ನು ನಾವು ಎರಡು ಬಾರಿ ಓದಬೇಕು. ಧರ್ಮದ ವಿಮರ್ಶೆ, ಅದರ ಬಗೆಗಿನ ಅಸಮ್ಮತಿ, ಗೇಲಿ, ಅವಹೇಳನ ಸಹ ಅಷ್ಟಕ್ಕೇ ಅಪರಾಧವಾಗದು ಎಂದು ಅದು ಹೇಳುತ್ತದೆ. ಧರ್ಮಪ್ರಚಾರಕ್ಕೂ, ಒಂದು ಧರ್ಮವನ್ನು ಬಿಡಿರೆಂದು ಕರೆ ಕೊಡುವುದಕ್ಕೂ ಅದೇ ರಕ್ಷಣೆಯಿದೆ. ಧರ್ಮನಿಂದೆಯೆಂಬ ಹಳೆಯ ಅಪರಾಧವನ್ನೂ ಇದೇ ಕಾಯ್ದೆ ರದ್ದುಗೊಳಿಸಿತು. ಅಂದರೆ ಇದು ಕಾಯುವುದು ಅನುಯಾಯಿಯನ್ನೇ ಹೊರತು ಸಿದ್ಧಾಂತವನ್ನಲ್ಲ. ನಮ್ಮಲ್ಲಿ ಕೆಲವರಿಗೆ ಇದು ಗಂಟಲಲ್ಲಿ ಇಳಿಯಲಾರದು. ಆದರೆ ನನ್ನ ಪ್ರಕಾರ ಈ ವಿಂಗಡಣೆ ಸರಿ. ಸಂದೇಶವನ್ನು ಸಾರುವ ಸ್ವಾತಂತ್ರ್ಯ ಬೇಕೆನ್ನುವವನು ಅದನ್ನು ತಿರಸ್ಕರಿಸುವವನ ಸ್ವಾತಂತ್ರ್ಯವನ್ನು ನಿರಾಕರಿಸುವುದು ಹೇಗೆ? ಮಸೀದಿಯಿಂದ ಹೊರಬರುವ ಮನುಷ್ಯನ ಮೇಲೆ ಜನರನ್ನು ಎತ್ತಿಕಟ್ಟುವುದು ಬೇರೆ, ಅವನ ನಂಬಿಕೆಯೊಂದಿಗೆ ವಾದಿಸುವುದು ಬೇರೆ.

ಹಾಗೆಂದು ಎಲ್ಲವೂ ಸುಸೂತ್ರವಾಗಿತ್ತೆಂದು ಭಾವಿಸಬೇಡಿ. ಜಾರಿಯಾದ ಮೊದಲ ವಾರದಲ್ಲೇ ಪೊಲೀಸರಿಗೆ ಏಳು ಸಾವಿರಕ್ಕೂ ಮಿಕ್ಕಿ ದೂರುಗಳು ಬಂದವು. ದ್ವೇಷಾಪರಾಧವೆಂದು ದಾಖಲಾದವು ಅವುಗಳಲ್ಲಿ ಅತ್ಯಲ್ಪ. ಮನೆಯೊಳಗಿನ ಮಾತಿಗೆ ವಿನಾಯಿತಿ ಕೊಡಲಿಲ್ಲವೆಂಬ ಆಕ್ಷೇಪವೂ ಹಾಗೆಯೇ ಉಳಿಯಿತು.

ಈಗ ನಮ್ಮ ರಾಜ್ಯದತ್ತ ಒಮ್ಮೆ ನೋಡೋಣ. ಕರ್ನಾಟಕದ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಗೆ 2025ರ ಡಿಸೆಂಬರ್ 4ರಂದು ಸಂಪುಟದ ಒಪ್ಪಿಗೆ ದೊರೆಯಿತು. 10ರಂದು ಮಂಡನೆ, 18ರಂದು ಗದ್ದಲದ ನಡುವೆ ವಿಧಾನಸಭೆಯ ಅಂಗೀಕಾರ, 19ರಂದು ವಿಧಾನ ಪರಿಷತ್ತಿನದ್ದು. ಅಲ್ಲಿ ವರದಿಯಿಂದ ಅಂಗೀಕಾರಕ್ಕೆ ಸುಮಾರು ಮೂರು ವರ್ಷ. ಇಲ್ಲಿ ಸಂಪುಟದಿಂದ ಪರಿಷತ್ತಿಗೆ ಹದಿನೈದು ದಿನ. ದ್ವೇಷ ಭಾಷಣದ ಗಾಯ ಏನೆಂದು ಈ ಸಭೆಯಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಅಂಥ ಕಾನೂನು ಬೇಕೆನ್ನುವವರಲ್ಲಿ ನಾನೂ ಒಬ್ಬ. ಆ ಕಾರಣಕ್ಕೇ ಕೇಳುತ್ತೇನೆ: ‘ದ್ವೇಷ’ವೆಂಬ ಪದದ ವ್ಯಾಖ್ಯೆಯನ್ನು ನಾಳೆ ಇನ್ನೊಂದು ಸರಕಾರ, ಇನ್ನೊಬ್ಬ ಠಾಣಾಧಿಕಾರಿ ಯಾರ ಮೇಲೆ ಬಳಸಿಯಾರು? ಇದನ್ನು ಪರಿಶೀಲಿಸಲು ಸಾಕಷ್ಟು ಸಮಯವಿತ್ತೇ? ತಪ್ಪು ಸರಕಾರದ್ದು ಮಾತ್ರವಲ್ಲ. ಗಜೆಟ್ ಹೊರಬಿದ್ದ ಮೇಲೆ ಪ್ರತಿಭಟನಾ ಸಭೆ ಕರೆಯುವುದರಲ್ಲಿ ನಮ್ಮ ಸಂಘಟನೆಗಳು ನಿಸ್ಸೀಮವಾಗಿವೆ. ಕರಡು ಓದಿ, ಕಲಮು ಕಲಮಾಗಿ ಟಿಪ್ಪಣಿ ಬರೆದು ಕಳುಹಿಸುವವರು ಎಷ್ಟು ಮಂದಿ? ನಮ್ಮ ವಕೀಲರೂ ಉಲಮಾಗಳೂ ಒಂದೇ ಮೇಜಿನ ಸುತ್ತ ಕುಳಿತು ಮಸೂದೆಯೊಂದನ್ನು ಓದಿದ್ದುಂಟೇ?

ಮತ್ತೆ ಸ್ಕಾಟ್ಲೆಂಡಿಗೆ. ಆ ಕಾಯ್ದೆಯಲ್ಲಿ ಧರ್ಮವಿತ್ತು, ಜನಾಂಗವಿತ್ತು, ವಯಸ್ಸು, ಅಂಗವೈಕಲ್ಯವೂ ಇದ್ದವು. ಹೆಣ್ಣೆಂಬ ಕಾರಣಕ್ಕೆ ದ್ವೇಷಕ್ಕೆ ಗುರಿಯಾಗುವವಳು ಇರಲಿಲ್ಲ. ಅವಳಿಗಾಗಿ ಪ್ರತ್ಯೇಕ ಕಾನೂನು ಪರಿಶೀಲಿಸಲಾಗುವುದೆಂದರು. ಹೆಲೆನಾ ಕೆನಡಿಯವರ ಸಮಿತಿ 2022ರ ಮಾರ್ಚ್‌ನಲ್ಲಿ ಅದಕ್ಕೆ ಶಿಫಾರಸು ಮಾಡಿತು. ಸರಕಾರ ಭರವಸೆ ಕೊಟ್ಟಿತು. 2025ರ ಮೇ ತಿಂಗಳಲ್ಲಿ, 2026ರ ಚುನಾವಣೆಗೆ ಒಂದು ವರ್ಷವಿರುವಾಗ, ಪ್ರಥಮ ಮಂತ್ರಿ ಜಾನ್ ಸ್ವಿನ್ನಿ ತಮ್ಮ ಸರಕಾರದ ಕಾರ್ಯಕ್ರಮವನ್ನು ಪ್ರಕಟಿಸಿದಾಗ ಆ ಮಸೂದೆ ಅದರಲ್ಲಿ ಇರಲಿಲ್ಲ. ಸಮಯ ಸಾಲದು ಎಂಬುದು ಕೊಟ್ಟ ಕಾರಣ. ಬದಲಿಗೆ, ಹಳೆಯ ಕಾಯ್ದೆಗೇ ‘ಲಿಂಗ’ವೆಂಬ ಪದವನ್ನು ಸೇರಿಸುವುದಾಗಿ ಆ ಮಹಿಳೆಯರಿಗೆ ತಿಳಿಸಲಾಯಿತು.